ಒಂದೇ ಪಹಣಿಯಲ್ಲಿ ಎರಡು ಹೆಸರು

ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರೆಯಾಗದ, ಜಮೀನಿನ ತಾಪತ್ರಯ ಏನೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರ್ವೆ ನಂಬರು ಒಂದು, ಪಹಣಿ ಒಂದು, ಒಡೆಯರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಹೆಸರು ಮಾತ್ರ ಇಬ್ಬರದು. ಯಾರಿಗೆ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಬರೆದಿರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಇರುವುದಿಲ್ಲ. ಸಾಗುವಳಿ ಮಾಡುವವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಬದು ಎಲ್ಲಿದೆಯೆಂದು ಅವರವರಿಗೆ ಗೊತ್ತು. ಮನೆಯ ಯಜಮಾನ ತೀರಿಕೊಂಡು, ಮಕ್ಕಳು ಪಾಲು ಮಾಡಿಕೊಳ್ಳಲು ಹೊರಟಾಗ ತೊಡಕು ಶುರುವಾಗುತ್ತದೆ. ನನ್ನ ಅಣ್ಣ ಹೋದ ಮೇಲೆ ಅತ್ತಿಗೆಗೆ ಆದದ್ದೂ ಇದೇ. ಪೋಡಿ ಮಾಡಿಸಬೇಕು, ಅದಕ್ಕೆ ಗೇಣಿ ಜಮೀನಿನ ಹಕ್ಕು ತೀರ್ಮಾನಿಸಿದ ಭೂ ನ್ಯಾಯಮಂಡಳಿಯ ಹಳೆಯ ಆದೇಶದ ದೃಢೀಕೃತ ನಕಲು ಬೇಕು ಎಂದರಂತೆ. "ಕಾಗದ ಪತ್ರ ಎಲ್ಲ ನಿಂಗೇ ಗೊತ್ತು, ನೀನೇ ನೋಡು" ಎಂದು ಅತ್ತಿಗೆ ಶಿವಮೊಗ್ಗಕ್ಕೆ ಫೋನು ಮಾಡಿದಳು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು, ಎಪ್ಪತ್ತು ದಾಟಿದೆ. ಅರ್ಜಿ ಬರೆಯುವುದು ಬರುತ್ತದೆ.

ಯಾವ ಸರ್ವೆ ನಂಬರು ಎಂದು ಕೇಳಿದೆ. ಅವಳು ಹೇಳಿದಳು. ಹೇಳುವ ಮೊದಲೇ ನನಗೆ ಗೊತ್ತಿತ್ತು.

ಪಹಣಿಯಲ್ಲಿ ಇರುವ ಎರಡು ಹೆಸರಿನಲ್ಲಿ ಒಂದು ನಮ್ಮ ಅಪ್ಪಯ್ಯನದು, ಇನ್ನೊಂದು ಅವನ ಅಪ್ಪನದು. ಅವನು ಎಂದರೆ ಯಾರು ಎಂಬುದನ್ನು ನಾನು ನಲವತ್ತೇಳು ವರ್ಷ ಬರೆಯದೆ ಇದ್ದೆ. ಈಗ ಬರೆಯುತ್ತೇನೆ. ಅವನ ಹೆಸರು ಬೇಡ. ನಾನು ಅವನನ್ನು ಪ್ರೀತಿಸಿದ್ದೆ. ಮದುವೆಯಾಗಬೇಕೆಂದು ಇದ್ದೆ. ಆಗಲಿಲ್ಲ.

ನಾವು ಹವ್ಯಕ ಬ್ರಾಹ್ಮಣರು, ಅವರು ದೀವರು, ಬೇಸಾಯಗಾರ ಜಾತಿಯವರು. ಅಡಿಕೆ ತೋಟ ನಾವೇ ಮಾಡುತ್ತಿದ್ದೆವು, ಗದ್ದೆಯನ್ನು ಅವರು ಗೇಣಿಗೆ ಮಾಡುತ್ತಿದ್ದರು. ಸಾಗರ ತಾಲ್ಲೂಕಿನಲ್ಲಿ ಗೇಣಿಯ ಕಥೆ ಹೇಳಲು ಹೊರಟರೆ ಕಾಗೋಡಿನಿಂದ ಶುರು ಮಾಡಬೇಕು. ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳ 1951ರಲ್ಲಿ ಸತ್ಯಾಗ್ರಹವಾಯಿತು. ಗಣಪತಿಯಪ್ಪನವರು ರೈತರನ್ನು ಕಟ್ಟಿ ನಿಲ್ಲಿಸಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಅವನ ಅಜ್ಜ ಆ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿ ಬಂದವರು. ನಮ್ಮ ಮನೆಯಲ್ಲಿ ಆ ಮಾತನ್ನು ದನಿ ತಗ್ಗಿಸಿ ಹೇಳುತ್ತಿದ್ದರು, ಅವರ ಮನೆಯಲ್ಲಿ ದನಿ ಎತ್ತರಿಸಿ. ನಾನು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಅವನು ನನಗಿಂತ ಒಂದು ವರ್ಷ ದೊಡ್ಡವನು.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವನು ತಾಯಿಯ ಜೊತೆ ನಮ್ಮ ಅಂಗಳಕ್ಕೆ ಬರುತ್ತಿದ್ದ. ಚಪ್ಪರದ ಕೆಳಗೆ ಹಸಿ ಅಡಿಕೆ ರಾಶಿ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು ಗಂಡಸರು, ನಡುವೆ ಗ್ಯಾಸ್‌ಲೈಟು. ಅವನು ಕಾಲೇಜು ಸೇರಿದ ಮೇಲೂ ಬರುವುದು ಬಿಡಲಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ. ಸುಲಿಯುವಾಗ ಬೆರಳಿಗೆ ಹತ್ತಿದ ಚೊಗರು ಒಂದು ವಾರ ಹೋಗುವುದಿಲ್ಲ. ಮರುದಿನ ಕಾಲೇಜಿಗೆ ಹೊರಟಾಗ ಅವನ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು, ಅದೇ ಕೈಯಲ್ಲಿ ನೋಟ್ಸು ಬರೆಯುತ್ತಿದ್ದ. ನನಗೆ ಮೊದಲು ಹಿಡಿಸಿದ್ದು ಆ ಕೈ. ನಾನು ಎಲ್ಲರಿಗೂ ಕಷಾಯ ಕೊಡುತ್ತಾ ಅವನ ಮುಂದೆ ಲೋಟ ಇಡುವಾಗ ಅವನು ತಲೆಯೆತ್ತದೆ "ಸಾಕು ಅಮ್ಮಾ" ಎನ್ನುತ್ತಿದ್ದ. ಒಡೇರ ಮನೆ ಹುಡುಗಿಯನ್ನು ಕರೆಯುವ ಕ್ರಮವೇ ಅದು.

ತಾಳಗುಪ್ಪದಿಂದ ಸಾಗರಕ್ಕೆ ಆಗ ಮೀಟರ್ ಗೇಜಿನ ರೈಲು. ಕಾಲೇಜಿಗೆ ಹೋಗಲು ನಾವಿಬ್ಬರೂ ಅದನ್ನೇ ಹತ್ತುತ್ತಿದ್ದೆವು. ನಮ್ಮ ಮನೆಯಲ್ಲಿ ಮೇಲಿನ ಜಗಲಿ, ಕೆಳಗಿನ ಜಗಲಿ ಎಂದು ಇತ್ತು. ಅವನ ಅಪ್ಪ ಎಷ್ಟೋ ವರ್ಷ ಗೇಣಿ ಅಳೆದು ಕೊಟ್ಟರೂ ಮೇಲಿನ ಜಗಲಿಗೆ ಬಂದವರಲ್ಲ. ರೈಲಿನಲ್ಲಿ ಒಂದೇ ಬೆಂಚು. ಅಲ್ಲಿ ಅವನು ನನ್ನನ್ನು ಅಮ್ಮಾ ಎನ್ನುವುದನ್ನು ಬಿಟ್ಟ. ಎದುರು ಬದುರು ಕೂತು ಓದಿದ್ದನ್ನು ಮಾತಾಡಿದೆವು, ಆಮೇಲೆ ಓದದ್ದನ್ನೂ ಮಾತಾಡಿದೆವು. ಹೆಚ್ಚು ಹೇಳಲು ಏನಿಲ್ಲ. ಇಪ್ಪತ್ತರ ಹರೆಯದ ಪ್ರೀತಿ ಹೊರಗಿನಿಂದ ನೋಡಿದರೆ ಎಲ್ಲರದೂ ಒಂದೇ ಥರ ಕಾಣುತ್ತದೆ.

ಕಾಗದ ಬರೆದುಕೊಳ್ಳಲಿಲ್ಲ. ಊರಿನ ಟಪಾಲು ಯಾರ ಕೈಯಿಂದ ಯಾರ ಕೈಗೆ ಹೋಗಿ ನಮ್ಮನ್ನು ತಲುಪುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಫೋಟೋ ತೆಗೆಸಿಕೊಳ್ಳುವ ಮಾತಂತೂ ದೂರ. ಹಾಗಾಗಿ ಅವನದು ಎಂದು ಹೇಳಿಕೊಳ್ಳುವ ಒಂದು ಚೂರು ವಸ್ತುವೂ ನನ್ನ ಹತ್ತಿರ ಇರಲಿಲ್ಲ. ವಯಸ್ಸಾದ ಮೇಲೆ ಇದು ಹೆಚ್ಚು ಕಾಡಿತು. ಮುಖ ಮಸುಕಾಗುತ್ತಾ ಬಂದಿತ್ತು. ನೆನಪು ಉಳಿದಿದೆಯೋ, ನಾನೇ ಕಟ್ಟಿಕೊಂಡಿದ್ದೇನೋ ಎಂಬ ಅನುಮಾನ ರಾತ್ರಿ ಹೊತ್ತು ಬರುತ್ತಿತ್ತು.

ನಕಲು ತೆಗೆಸುವ ದಾರಿ ಹೀಗಿದೆ. ಇಂದಿನ ಕಂಪ್ಯೂಟರ್ ಪಹಣಿಯಿಂದ ಹಿಂದಕ್ಕೆ ಹೋಗಬೇಕು. ಅದರ ಹಿಂದೆ ಕೈಬರಹದ ಪಹಣಿ, ಅದರಲ್ಲಿ ಹೆಸರು ಬದಲಾದ ವರ್ಷ ಹಿಡಿಯಬೇಕು. ಆ ವರ್ಷದ ಮ್ಯುಟೇಶನ್ ತೆಗೆದರೆ ನ್ಯಾಯಮಂಡಳಿಯ ಆದೇಶದ ನಂಬರು, ತಾರೀಖು ಸಿಗುತ್ತದೆ. ಅದನ್ನು ಬರೆದು ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. 1974ಕ್ಕೆ ಹಿಂದಿನ ಪಹಣಿಯಲ್ಲಿ ಒಂಬತ್ತನೇ ಕಾಲಂನಲ್ಲಿ ಅಪ್ಪಯ್ಯನ ಹೆಸರೊಂದೇ ಇತ್ತು. ಹನ್ನೆರಡನೇ ಕಾಲಂನಲ್ಲಿ, ಸಾಗುವಳಿದಾರರ ಜಾಗದಲ್ಲಿ, ಅವನ ಅಪ್ಪನದು. ಒಂದು ಗದ್ದೆಯ ನ್ಯಾಯ ಹನ್ನೆರಡರಿಂದ ಒಂಬತ್ತಕ್ಕೆ ಬರಲು ಒಂದು ತಲೆಮಾರು ಹಿಡಿಯಿತು.

ಈಗ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ನಾನು ಹೋದಾಗ ಆ ವರ್ಷಗಳ ರುಮಾಲುಗಳನ್ನು, ಬಟ್ಟೆ ಸುತ್ತಿದ ಕಡತದ ಕಟ್ಟುಗಳನ್ನು, ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ನನ್ನ ವಿದ್ಯಾರ್ಥಿನಿಯ ವಯಸ್ಸಿನ ಒಬ್ಬ ಹುಡುಗಿ ನನ್ನ ಅರ್ಜಿ ನೋಡಿ, ಕುರ್ಚಿ ಕೊಟ್ಟು, ಕಡತ ಹುಡುಕಿ ತಂದಳು. "ಆರ್ಡರ್ ಕಾಪಿ ಒಂದು ಸಾಕಲ್ವಾ ಮೇಡಂ, ಪೋಡಿಗೆ?" ಎಂದಳು. ನಾನು ಕಡತ ತೆರೆದು ನೋಡಿ, ಪೂರ್ತಿ ಬೇಕು ಎಂದೆ.

ಕಡತದ ಮೊದಲ ಹಾಳೆಯೇ ಫಾರಂ 7. ಊರಲ್ಲಿ ಎಲ್ಲರೂ ಅದನ್ನು ಡಿಕ್ಲರೇಷನ್ ಎಂದೇ ಕರೆಯುತ್ತಿದ್ದರು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿದಂತಾಗಿ, ಉಳುವವರು ತಮ್ಮ ಹಕ್ಕು ಕೇಳಿ ಡಿಕ್ಲರೇಷನ್ ಹಾಕಬೇಕಿತ್ತು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅರ್ಜಿದಾರರ ಹೆಸರು, ಭೂಮಾಲೀಕರ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಗೇಣಿಯ ವಿವರ. ಅಂಕಿಗಳನ್ನು ಕನ್ನಡದಲ್ಲೇ ಬರೆದಿತ್ತು. ಎಷ್ಟು ಕಾಲದಿಂದ ಸಾಗುವಳಿ ಎಂಬ ಕಡೆ "ಅಜ್ಜನ ಕಾಲದಿಂದ" ಎಂದು ಬರೆದು, ಅದಕ್ಕೆ ಯಾರೋ ಅಧಿಕಾರಿ ಕೆಂಪು ಗೆರೆ ಎಳೆದು "ವರ್ಷ ನಮೂದಿಸಿ" ಎಂದಿದ್ದರು. ಅದರ ಕೆಳಗೆ ವರ್ಷ ಸೇರಿಸಿ ಬರೆದಿತ್ತು, ಅದೇ ಕೈಬರಹ. ಕೊನೆಯಲ್ಲಿ ಅವನ ಅಪ್ಪನ ಹೆಬ್ಬೆಟ್ಟು. ಹೆಬ್ಬೆಟ್ಟಿನ ಪಕ್ಕ "ಬಿಕ್ಕಲಂ", ಅಂದರೆ ಬರೆದವರು ಇಂಥವರು, ಎಂದು ಬರೆದು, ಅವನ ಸಹಿ.

ಆ ಸಹಿಯ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹುಡುಗಿ ನೀರು ತಂದುಕೊಟ್ಟಳು. ಐವತ್ತು ವರ್ಷಕ್ಕೆ ಮೊದಲ ಸಲ ಅವನದೊಂದು ವಸ್ತು ನನ್ನ ಕೈಯಲ್ಲಿತ್ತು. ನೆನಪನ್ನು ನಾನು ಕಟ್ಟಿಕೊಂಡಿರಲಿಲ್ಲ. ಅವನು ಇದ್ದ, ಬರೆಯುತ್ತಿದ್ದ, "ಳ" ಅಕ್ಷರದ ಬಾಲವನ್ನು ಹಾಗೆಯೇ ಕೆಳಗೆ ಎಳೆಯುತ್ತಿದ್ದ. ಭೂಮಾಲೀಕರ ಹೆಸರಿನ ಮುಂದೆ ಅವನು "ಶ್ರೀ" ಎಂದು ಹಾಕಿದ್ದ. ಅವನ ಅಪ್ಪನ ಹೆಸರಿನ ಮುಂದೆಯೂ "ಶ್ರೀ" ಇತ್ತು. ಎರಡೂ ಒಂದೇ ಅಳತೆಯ ಅಕ್ಷರ.

ಫಾರಂ ಮೇಲಿನ ತಾರೀಖು 1974ರ ಡಿಸೆಂಬರಿನದು. ಅದರ ಹಿಂದಿನ ದಿನ ನನಗೆ ಚೆನ್ನಾಗಿ ನೆನಪಿದೆ. ರೈಲು ಸಾಗರ ತಲುಪುವ ಮುಂಚೆ ಅವನು ಹೇಳಿದ: "ನಾಳೆ ಡಿಕ್ಲರೇಷನ್ ಹಾಕ್ತಾ ಇದೀವಿ. ನಾನೇ ಬರೆದಿದೀನಿ. ನಿಮ್ಮ ಅಪ್ಪಯ್ಯಂಗೆ ನೋಟೀಸು ಬರೋಕೆ ಮುಂಚೆ ನಿಮಗೆ ಹೇಳ್ಬೇಕು ಅನ್ನಿಸ್ತು." ನಾನು "ಹಾಕಿ, ಗದ್ದೆ ನಿಮ್ಮದೇ" ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ಪ್ರತಿ ವರ್ಷ ಭೂಮಿ ಹುಣ್ಣಿಮೆಯ ದಿನ ಅವನ ತಾಯಿ ಚಿತ್ತಾರ ಬರೆದ ಬುಟ್ಟಿ ಹೊತ್ತು ಆ ಗದ್ದೆಗೆ ಹೋಗಿ, ಬಸುರಿಗೆ ಬಡಿಸುವ ಹಾಗೆ ಪೈರಿಗೆ ಬಡಿಸುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ. ನಮ್ಮ ಮನೆಯವರು ಯಾರೂ ಆ ಗದ್ದೆಗೆ ಹಾಗೆ ಬಡಿಸಿದ್ದನ್ನು ನಾನು ಕಂಡಿರಲಿಲ್ಲ.

ಕಡತದಲ್ಲಿ ಇನ್ನೊಂದು ಹಾಳೆ ಇತ್ತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. 1976ರ ವಿಚಾರಣೆಯಲ್ಲಿ ಅಪ್ಪಯ್ಯ ಕೊಟ್ಟ ಹೇಳಿಕೆ. ನ್ಯಾಯಮಂಡಳಿಯಲ್ಲಿ ಆಗ ವಕೀಲರಿಗೆ ಅವಕಾಶ ಇರಲಿಲ್ಲ, ಒಡೆಯರೂ ಗೇಣಿದಾರರೂ ಅಸಿಸ್ಟೆಂಟ್ ಕಮಿಷನರ್ ಮುಂದೆ ತಾವೇ ನಿಂತು ಹೇಳಬೇಕಿತ್ತು. ಎಷ್ಟೋ ಕಡೆ ಒಡೆಯರು, ಇವರು ನಮ್ಮ ಕೂಲಿಯಾಳುಗಳು, ಗೇಣಿ ಎಂಬುದೇ ಇರಲಿಲ್ಲ ಎಂದು ವಾದ ಹೂಡಿದರು. ಅಪ್ಪಯ್ಯ ಏನು ಹೇಳಿದ್ದ ಎಂದು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಹಾಳೆಯಲ್ಲಿ ಇದ್ದದ್ದು ನಾಲ್ಕು ಸಾಲು: ಸದರಿ ಜಮೀನಿನ ಇಷ್ಟು ಭಾಗವನ್ನು ಅರ್ಜಿದಾರರು ಹಿಂದಿನಿಂದಲೂ ಗೇಣಿ ಮೇಲೆ ಸಾಗುವಳಿ ಮಾಡುತ್ತಾ ಬಂದಿರುವುದು ನಿಜ, ಉಳಿದದ್ದು ನನ್ನ ಸ್ವಂತ ಸಾಗುವಳಿ, ನನ್ನ ತಕರಾರು ಇರುವುದಿಲ್ಲ, ಓದಿಸಿ ಕೇಳಿದೆ ಸರಿ ಇದೆ. ಕೆಳಗೆ ಅಪ್ಪಯ್ಯನ ಮೋಡಿ ಅಕ್ಷರದಂಥ ಗಂಟು ಗಂಟು ಸಹಿ.

ಅಂದರೆ ಅಪ್ಪಯ್ಯ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಗದ್ದೆ ಪೂರ್ತಿ ಉಳಿಯುತ್ತಿತ್ತೋ ಏನೋ. ನನಗೆ ಅದನ್ನು ಓದಿ ಅಪ್ಪಯ್ಯನ ಮೇಲೆ ಗೌರವ ಉಕ್ಕಿ ಬಂತು, ಅದರ ಬೆನ್ನಿಗೇ ಸಂಕಟ. ಇದೇ ಮನುಷ್ಯ ಮುಂದಿನ ಚಳಿಗಾಲದಲ್ಲಿ, ನಾನು ಅವನನ್ನೇ ಮದುವೆಯಾಗುತ್ತೇನೆ ಎಂದಾಗ, ಬೈಯಲಿಲ್ಲ, ಹೊಡೆಯಲಿಲ್ಲ. ಒಲೆಯ ಮುಂದೆ ಅಡಿಕೆ ಬೇಯಿಸುತ್ತಾ ಕೂತಿದ್ದ. "ಗದ್ದೆ ಅವರದ್ದೇಯ, ಕೊಟ್ಟೆ. ಇದೊಂದು ನನ್ನ ಕೈಯಲ್ಲಿ ಆಗ್ತಿಲ್ಲೆ ಕೂಸೆ" ಎಂದ. ಅಪ್ಪಯ್ಯ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಾನೂನು ಅವನನ್ನು ಮೇಲಿನ ಜಗಲಿಯಿಂದ ಇಳಿಸಿ ವಿಚಾರಣೆಯ ಕೋಣೆಯಲ್ಲಿ ತನ್ನ ಗೇಣಿದಾರನ ಪಕ್ಕ ನಿಲ್ಲಿಸಿತ್ತು. ಅಲ್ಲಿಯವರೆಗೆ ಅವನು ಪ್ರಾಮಾಣಿಕವಾಗಿ ನಡೆದು ಬಂದಿದ್ದ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಬರಲಾರದೆ ಹೋದ.

ಹಾಗೆಂದು ಅಪ್ಪಯ್ಯನೊಬ್ಬನೇ ಕಾರಣ ಎಂದರೆ ಸುಳ್ಳಾಗುತ್ತದೆ. ರಿಜಿಸ್ಟರ್ ಮದುವೆಯ ದಾರಿ ಇತ್ತು. ಅವನು ವಿಚಾರಿಸಿಕೊಂಡೂ ಬಂದಿದ್ದ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ ಮೇಲೆ ನಮ್ಮಿಬ್ಬರ ಹೆಸರು ಮೂವತ್ತು ದಿನ ಕಚೇರಿಯ ನೋಟೀಸು ಬೋರ್ಡಿನಲ್ಲಿ ಇರಬೇಕು. ಆ ಕಚೇರಿಯ ಅಂಗಳಕ್ಕೆ ತಾಲ್ಲೂಕಿನ ಅರ್ಧ ಜನ ಬರುತ್ತಿದ್ದ ಕಾಲ ಅದು. ಅವನು ಹೆದರಿದ್ದು ತನಗಾಗಿ ಅಲ್ಲ. ಅವರ ಕೇರಿಯ ಉಳಿದವರ ಡಿಕ್ಲರೇಷನ್‌ಗಳು ಇನ್ನೂ ತೀರ್ಮಾನವಾಗಿರಲಿಲ್ಲ. "ಗದ್ದೆ ಕೇಳೋಕೆ ಬಂದೋರು ಮಗಳನ್ನೂ ಹೊಡ್ಕೊಂಡು ಹೋದ್ರು ಅಂತ ಒಂದು ಮಾತು ಹುಟ್ಟಿದ್ರೆ ಸಾಕು. ಬಾಕಿ ಒಡೇರೆಲ್ಲ ಅದನ್ನೇ ಹಿಡ್ಕೋತಾರೆ. ಅವರ ಕೇಸು ಮುಗೀಲಿ, ಅಲ್ಲೀವರೆಗೆ ಕಾಯಣ" ಎಂದ. ಕಾಯುವುದಕ್ಕೆ ನಾನು ಸಿದ್ಧಳಿದ್ದೆ. ಕೇಸುಗಳು ಮುಗಿಯಲಿಲ್ಲ. ಫಾರಂ 7 ಕೊಡುವ ಗಡುವನ್ನೇ 1979ರವರೆಗೆ ಮುಂದೆ ಹಾಕುತ್ತಾ ಹೋದರು. 1977ರ ವೈಶಾಖದಲ್ಲಿ ನನ್ನ ಮದುವೆಯಾಯಿತು.

ಅವನ ತೀರ್ಮಾನವನ್ನು ಎಷ್ಟೋ ವರ್ಷ ತಿರುವಿ ತಿರುವಿ ನೋಡಿದ್ದೇನೆ. ನನಗಿಂತ ಕೇರಿ ಹೆಚ್ಚಾಯಿತೇ ಎಂದು ಸಿಟ್ಟು ಬಂದ ದಿನಗಳಿವೆ. ಆದರೆ ಅಲ್ಲಿ ಹತ್ತಾರು ಮನೆಗಳ ಅನ್ನದ ಪ್ರಶ್ನೆ ಇತ್ತು, ಅದನ್ನು ಮರೆತು ನನ್ನ ಕೈ ಹಿಡಿಯುವವನಾಗಿದ್ದರೆ ಅವನು ಅವನೇ ಆಗಿರುತ್ತಿರಲಿಲ್ಲ. ಇದು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಲ್ಲ. ಸಮಾಧಾನ ಇನ್ನೂ ಆಗಿಲ್ಲ.

ನನ್ನ ಗಂಡ ಕೆ.ಇ.ಬಿ.ಯಲ್ಲಿದ್ದವರು, ಒಳ್ಳೆಯವರು. ಮದುವೆಯಾದ ಮೊದಲ ಮಳೆಗಾಲದಲ್ಲೇ ಅವರಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ಸುದ್ದಿ ಬಂದಾಗ ನೀನು ನನ್ನೆದುರು ಮುಖ ಮುಚ್ಚಿಕೊಳ್ಳೋದು ಬೇಡ" ಎಂದರು. ಹಾಗೆಯೇ ನಡೆದುಕೊಂಡರು. ಸಾಗರದ ಮಾರಿ ಜಾತ್ರೆಯಲ್ಲಿ ಒಮ್ಮೆ ಅವನು ಹೆಂಡತಿ ಮಗನ ಜೊತೆ ಎದುರಾದಾಗ ಮುಂದೆ ಹೋಗಿ ಮಾತಾಡಿಸಿದ್ದು ನನ್ನ ಗಂಡನೇ. ಇಬ್ಬರೂ ಮಳೆಯ ವಿಷಯ, ಅಡಿಕೆ ಧಾರಣೆಯ ವಿಷಯ ಮಾತಾಡಿದರು. ನಾನು ಆ ಮಗುವಿನ ತಲೆ ಸವರಿದೆ.

ಅವನು ಹೋಗಿ ನಾಲ್ಕು ವರ್ಷವಾಯಿತು. ಅಣ್ಣ ಫೋನಿನಲ್ಲಿ ಬೇರೆ ಏನೋ ಹೇಳುತ್ತಾ ಅದನ್ನೂ ಹೇಳಿದ. ನನಗೆ ಮೈಲಿಗೆ ಇಲ್ಲ, ಸೂತಕ ಇಲ್ಲ, ಹನ್ನೊಂದನೆಯ ದಿನವಿಲ್ಲ. ಆ ದಿನ ಅಡುಗೆ ಮಾಡಿದೆ, ಪೇಪರು ಓದಿದೆ. ನನ್ನ ಗಂಡ ಅಷ್ಟರಲ್ಲಿ ತೀರಿಕೊಂಡಿದ್ದರು, ಇದ್ದಿದ್ದರೆ ಅವರ ಹತ್ತಿರ ಅಳುತ್ತಿದ್ದೆ. ಅಳು ಬಂದದ್ದು ನಕಲು ಮನೆಗೆ ತಂದ ರಾತ್ರಿ. ಮೊಹರು ಒತ್ತಿದ ಹಾಳೆಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ಕಡೆ ಅವನ ಬರಹ, ಒಂದು ಕಡೆ ಅಪ್ಪಯ್ಯನ ಹೇಳಿಕೆ, ನಡುವೆ ಕೂತು ಮನಸಾರೆ ಅತ್ತೆ. ಬೆಂಗಳೂರಿನಿಂದ ಮಗಳು ಫೋನು ಮಾಡಿದಳು, ದನಿ ಕೇಳಿ ಗಾಬರಿಯಾದಳು. ಅವಳಿಗೂ ಹೇಳಿದೆ. "ಅಮ್ಮಾ, ಆ ಹಾಳೆ ಫೋಟೋ ಕಳಿಸು" ಎಂದಳು. ನೋಡಿ, ಎಷ್ಟು ಚಂದದ ಅಕ್ಷರ ಎಂದು ಬರೆದಳು.

ಅವರ ಮನೆಯವರಿಗೂ ಈ ಕಡತ ಬೇಕಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಪೋಡಿ ಅವರಿಗೂ ಆಗಬೇಕಲ್ಲ. ಇನ್ನೊಂದು ಪ್ರತಿ ತೆಗೆಸಿಕೊಂಡು, ಅತ್ತಿಗೆಯ ಮಗನ ಜೊತೆ ಅವರ ಮನೆಗೆ ಹೋದೆ. ಹುಟ್ಟಿದ ಊರಿನಲ್ಲಿ ಆ ಕೇರಿಗೆ ನಾನು ಕಾಲಿಟ್ಟದ್ದು ಬಾಲ್ಯದ ನಂತರ ಅದೇ ಮೊದಲು. ಅವನ ಮಗ ಕೃಷಿ ಮಾಡಿಕೊಂಡಿದ್ದಾನೆ, ನಡುವಯಸ್ಸು, ಮುಖ ಅಜ್ಜನದು. ಗದ್ದೆಯ ಹಕ್ಕಿನ ಪ್ರಮಾಣಪತ್ರ, ಅವರ ಫಾರಂ 10, ಎಲ್ಲೋ ಕಳೆದುಹೋಗಿದೆಯಂತೆ. ನಾನು ಕೊಟ್ಟ ಹಾಳೆಗಳನ್ನು ತಿರುವುತ್ತಾ ಬಿಕ್ಕಲಂ ಸಹಿಯ ಹತ್ತಿರ ನಿಂತು, "ಅಮ್ಮಾ, ಇದು ಅಪ್ಪಾಜಿ ಬರೆದಿದ್ದು" ಎಂದು ಒಳಗೆ ಕೂಗಿದ.

ಅವನ ಹೆಂಡತಿ ಬಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮಗ ಕಾಫಿಗೆ ಹೇಳಲು ಒಳಗೆ ಹೋದ. ನಾವಿಬ್ಬರೇ ಕೂತೆವು. "ನೀವು ಬರ್ತೀರಿ ಅಂತ ಅವರು ಯಾವತ್ತೂ ಹೇಳ್ಲಿಲ್ಲ. ನೀವು ಯಾರು ಅಂತ ಮಾತ್ರ ಹೇಳಿದ್ರು" ಎಂದರು. ಯಾವಾಗ ಎಂದು ಕೇಳಿದೆ. "ಮದ್ವೆ ಆಗೋಕೆ ಮುಂಚೆನೇ. ಇಷ್ಟ ಇದ್ರೆ ಒಪ್ಕೋ, ಇಲ್ಲಾಂದ್ರೆ ಬೇಡ ಅಂತ." ಆಮೇಲೆ ನನ್ನ ಕೈ ಹಿಡಿದುಕೊಂಡು, ಕೊನೆಯ ದಿನಗಳಲ್ಲಿ ಅವನಿಗೆ ಏನಾಗಿತ್ತು, ಯಾವ ಆಸ್ಪತ್ರೆ, ಹೇಗೆ ಹೋದ ಎಂದು ಒಂದೂ ಬಿಡದೆ ಹೇಳಿದರು. ನಾನು ಕೇಳಬೇಕೆಂದು ಇದ್ದದ್ದನ್ನೆಲ್ಲ ನಾನು ಕೇಳುವ ಮೊದಲೇ ಹೇಳಿದರು. ಬೇರೆ ಯಾರೂ ನನಗೆ ಅದನ್ನು ಹೇಳುವಂತಿರಲಿಲ್ಲ. ಕಾಫಿ ಬಂತು, ಅವನ ಮೊಮ್ಮಗಳು ತಂದಳು, ನಮ್ಮ ಮಾತು ಹಂದಿ ಕಾಟಕ್ಕೆ, ಭತ್ತ ಬಿಟ್ಟು ಎಲ್ಲರೂ ಗದ್ದೆಗೆ ಅಡಿಕೆ ಹಾಕುತ್ತಿರುವುದಕ್ಕೆ ಹೊರಳಿತು. ಆ ಗದ್ದೆಯಲ್ಲಿ ಅವರ ಭಾಗದಲ್ಲಿ ಇನ್ನೂ ಭತ್ತವೇ ಇದೆ. ನಮ್ಮ ಭಾಗದಲ್ಲಿ ಅಣ್ಣ ಅಡಿಕೆ ಹಾಕಿದ್ದ.

ಪೋಡಿಗೆ ಎರಡೂ ಮನೆಯವರು ಸೇರಿ ಅರ್ಜಿ ಕೊಟ್ಟಿದ್ದೇವೆ. ಅತ್ತಿಗೆಗೆ ಮೊದಮೊದಲು ಹಿಡಿಸಲಿಲ್ಲ, ಆಮೇಲೆ ಒಪ್ಪಿದಳು. ಅಳತೆ ದಿನ ಎರಡೂ ಕಡೆಯವರು ಬದುವಿನ ಮೇಲೆ ಇರಬೇಕು ಎಂದಿದ್ದಾರೆ ಸರ್ವೆಯವರು. ನಮ್ಮ ಕಡೆಯಿಂದ ನಾನು ಹೋಗುತ್ತೇನೆ. ಅವರ ಕಡೆಯಿಂದ ಮಗ ಬರುತ್ತಾನಂತೆ, ತಾಯಿಯೂ ಬರುತ್ತಾರಂತೆ. ಅಳತೆ ಮುಗಿದ ಮೇಲೆ ಸರ್ವೆ ನಂಬರು ಎರಡಾಗಿ ಹಿಸ್ಸಾ ಬೀಳುತ್ತದೆ, ಪಹಣಿಯೂ ಬೇರೆ ಬೇರೆಯಾಗುತ್ತದೆ. ಅದಕ್ಕೆ ಮೊದಲು ಇಬ್ಬರ ಹೆಸರೂ ಇರುವ ಈಗಿನ ಪಹಣಿಯ ಒಂದು ಪ್ರತಿಯನ್ನು ತೆಗೆಸಿ, ಕಡತದ ನಕಲಿನ ಜೊತೆ ಇಟ್ಟುಕೊಂಡಿದ್ದೇನೆ.